ಟ್ರ್ಯಾಕ್ ಪ್ಯಾಂಟಿನ ಲಾಡಿ ರಿವಾಲ್ವರ್ ಹೊರೋದಿಲ್ಲ

ನಮ್ಮ ದುಧನಿ ಅಕ್ಕಲಕೋಟ ತಾಲೂಕಿನ ಗಡಿ ಪೇಟೆ. ದಾಟಿದರೆ ಗಾಣಗಾಪುರದ ದಾರಿ, ಕಲಬುರಗಿ ಜಿಲ್ಲೆ. ಅಂಗಡಿಯ ಬೋರ್ಡು ಮರಾಠಿ, ಗಲ್ಲೆಯ ಮುಂದಿನ ಮಾತು ಕನ್ನಡ. ತೊಗರಿ, ಕಡಲೆ ಅಡತಿಯ ರೊಕ್ಕವನ್ನೆಲ್ಲ ಚೀಲದಲ್ಲಿ ಒಯ್ಯುತ್ತಿದ್ದ ಕಾಲದಲ್ಲಿ ನಾನೂ ಪರವಾನಿಗೆ ಪಡೆದು ಒಂದು .32 ಬೋರಿನ ರಿವಾಲ್ವರ್ ಇಟ್ಟುಕೊಂಡೆ. ಆಗ ದಪ್ಪ ಪ್ಯಾಂಟು, ಅಗಲವಾದ ತೊಗಲಿನ ಪಟ್ಟಾ, ಮೇಲೆ ಜಾಕೀಟು. ಒರೆಯಲ್ಲಿ ಇಟ್ಟರೆ ಇಟ್ಟಲ್ಲೇ ಇರುತ್ತಿತ್ತು.

ಆಮೇಲೆ ಸಕ್ಕರೆ ಕಾಯಿಲೆ ಬಂತು. "ದಿನಾ ಮುಂಜಾನೆ ನಡೀರಿ" ಅಂದರು ಡಾಕ್ಟರು. ಮಗ ಟ್ರ್ಯಾಕ್ ಪ್ಯಾಂಟು, ಜರ್ಸಿ ತಂದುಕೊಟ್ಟ. ನಸುಕಿನ ಕತ್ತಲು, ಹಳೆಯ ರೂಢಿ. ರಿವಾಲ್ವರನ್ನು ಬಟ್ಟೆಯ ಒರೆಯಲ್ಲಿ ಹಾಕಿ, ಅದರ ಕ್ಲಿಪ್ಪನ್ನು ಪ್ಯಾಂಟಿನ ಇಲಾಸ್ಟಿಕ್ಕಿಗೆ ಸಿಕ್ಕಿಸಿ ಹೊರಟೆ. ಜೊತೆಗೆ ಏಳು ವರ್ಷದ ಮೊಮ್ಮಗ.

ಬೂಟಿನ ದಾರ ಕಟ್ಟಲು ಬಗ್ಗಿದೆ. ಒರೆ ಸಮೇತ ರಿವಾಲ್ವರ್ ಜಾರಿ ಪ್ಯಾಂಟಿನೊಳಗೆ ತೊಡೆಗೆ ಇಳಿಯಿತು. ಗಾಬರಿಯಲ್ಲಿ ಬಟ್ಟೆಯ ಮೇಲಿಂದಲೇ ಗಪ್ಪನೆ ಹಿಡಿದೆ. ನನ್ನ ಪುಣ್ಯ, ಬೆರಳು ಟ್ರಿಗರ್ ಮೇಲೆ ಬೀಳಲಿಲ್ಲ. ಎದುರಿಗೇ ಹುಡುಗ ನಿಂತಿದ್ದ.

ಹಿಂದಿನಿಂದ ಬರುತ್ತಿದ್ದ ನಮ್ಮ ಓಣಿಯ ನಿವೃತ್ತ ಹವಾಲ್ದಾರರು ಎಲ್ಲ ನೋಡಿದ್ದರು. "ಸಾವಕಾರ್ರ, ಲಾಡಿ ಗಂಟು ನಂಬಿ ಸೊಂಟದಾಗ ಸಾವು ಕಟ್ಕೊಂಡು ಹೊಂಟೀರಲ್ರಿ!" ಅಂದರು. ಮನೆಗೆ ಕರೆದೊಯ್ದು ಚಹಾ ಕುಡಿಸಿ ಪಾಠ ಹೇಳಿದರು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮಾತು, ಇಲಾಸ್ಟಿಕ್ಕು ಬಟ್ಟೆಯನ್ನು ಹಿಡಿಯುತ್ತದೆ, ಕಬ್ಬಿಣವನ್ನಲ್ಲ. ಕಾನಪುರದ ಕಾರ್ಖಾನೆಯಿಂದ 2014ರಲ್ಲಿ ಬಂದ ಹಗುರವಾದ ನಿರ್ಭೀಕ ರಿವಾಲ್ವರ್ ಕೂಡ ಸುಮಾರು ಅರ್ಧ ಕಿಲೋ ತೂಗುತ್ತದೆ. ಓಡಿದರೆ, ಬಗ್ಗಿದರೆ ಅದು ಜಗ್ಗಿಯೇ ಜಗ್ಗುತ್ತದೆ. ಆದ್ದರಿಂದ ಜರ್ಸಿಯೊಳಗೆ ಒರೆಗೆಂದೇ ಬೇರೆ ಬಿಗಿ ಪಟ್ಟಾ ಬೇಕು. ಅದು ಪ್ಯಾಂಟಿನ ಆಸರೆ ಇಲ್ಲದೆ ಸೊಂಟದ ಮೇಲೆ ತಾನೇ ನಿಲ್ಲಬೇಕು.

ಎರಡನೆಯದು ಟ್ರಿಗರ್. ನಮ್ಮ ರಿವಾಲ್ವರುಗಳಲ್ಲಿ ಟ್ರಿಗರ್ ಪೂರ್ತಿ ಎಳೆದರೆ ಸಾಕು, ಕಾಡತೂಸಿನ ಗಾಲಿ ತಿರುಗಿ, ಹ್ಯಾಮರ್ ಎದ್ದು ಬಡಿಯುತ್ತದೆ. ಎಳೆಯುವುದು ಬೆರಳೇ ಆಗಬೇಕೆಂದಿಲ್ಲ. ಟ್ರ್ಯಾಕ್ ಪ್ಯಾಂಟಿನ ಲಾಡಿಯ ತುದಿಯ ಪ್ಲಾಸ್ಟಿಕ್ ಗುಂಡಿ, ಜರ್ಸಿಯ ಅಂಚು, ಬೀಗದ ಕೈ, ಯಾವುದು ಸಿಕ್ಕರೂ ಅಪಾಯವೇ. ಒರೆ ಟ್ರಿಗರನ್ನು ಪೂರಾ ಮುಚ್ಚಿರಬೇಕು, ಗಟ್ಟಿಯಾಗಿರಬೇಕು. ಬರೀ ಬಟ್ಟೆಯ ಹೊಟ್ಟೆಪಟ್ಟಿ ಸಾಲದು, ಒಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಕವಚ ಇದ್ದರೆ ಮಾತ್ರ ಸೈ. ಬೆವರಿಗೆ ಮೆತ್ತಗಾದ ತೊಗಲೂ ಬೇಡ. ಅದರ ಬಾಯಿ ಮಡಚಿಕೊಂಡು, ಒಳಗೆ ಇಡುವಾಗ ಟ್ರಿಗರಿಗೇ ಸಿಗಬಹುದು. ಸೊಂಟದ ಚೀಲ ಬಳಸುವವರು ರಿವಾಲ್ವರಿಗೆ ಬೇರೆ ಖಾನೆ, ಅದರಲ್ಲಿ ಗಟ್ಟಿ ಒರೆ ಇರುವುದನ್ನೇ ನೋಡಬೇಕು. ಮೊಬೈಲು, ಚಿಲ್ಲರೆ ಅದರಲ್ಲಿ ಬೀಳಕೂಡದು.

ಮೂರನೆಯದು ಪರೀಕ್ಷೆ. ಕಾಡತೂಸುಗಳನ್ನೆಲ್ಲ ತೆಗೆದು ಎಣಿಸಿ ಬೇರೆ ಕೋಣೆಯಲ್ಲಿಡಿ. ಖಾಲಿ ಇದೆಯೋ ಇಲ್ಲವೋ ಎರಡು ಸಲ ನೋಡಿ. ಗಾದಿಯ ಮೇಲೆ ಒರೆಯನ್ನು ಬೋರಲು ಹಿಡಿದು ಅಲ್ಲಾಡಿಸಿ. ರಿವಾಲ್ವರ್ ಬಿದ್ದರೆ ಆ ಒರೆ ಬೇಡ. ಹೊರಗಿನಿಂದ ಒತ್ತಿ ನೋಡಿ. ಟ್ರಿಗರ್ ಅಲುಗಿದರೆ ಅದೂ ಬೇಡ. ಆಮೇಲೆ ಕಟ್ಟಿಕೊಂಡು ಬಗ್ಗಿ, ಕೂತು, ಓಡಿ ನೋಡಿ.

"ಬಿದ್ರ ಏನ್ ಮಾಡಬೇಕ್ರಿ?" ಕೇಳಿದೆ.

"ಬೀಳಲಿ, ಹಿಡೀಬ್ಯಾಡ್ರಿ. ಹಿಡಿಯೋ ಬೆರಳು ಟ್ರಿಗರ್ ಮ್ಯಾಲೇ ಬೀಳ್ತದ."

ಅಮೆರಿಕದ ಫುಟ್‌ಬಾಲ್ ಆಟಗಾರ ಪ್ಲಾಕ್ಸಿಕೊ ಬರೆಸ್ ಕಥೆ ಇದೇ. 2008ರ ನವೆಂಬರಿನಲ್ಲಿ ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ಸೊಂಟಕ್ಕೆ ಸಿಕ್ಕಿಸಿದ್ದ ಪಿಸ್ತೂಲು ಜಾರಿತು. ಹಿಡಿಯಲು ಹೋದಾಗ ಗುಂಡು ಅವನ ತೊಡೆಗೇ ಹೊಕ್ಕಿತು. ಅಲ್ಲಿನ ಪರವಾನಿಗೆಯೂ ಇರಲಿಲ್ಲ, 2009ರಲ್ಲಿ ಎರಡು ವರ್ಷದ ಸಜೆಯಾಯಿತು. ಹಾಗೆಂದು ಬಿದ್ದರೆ ಸಿಡಿಯುವುದೇ ಇಲ್ಲ ಅಂತಲ್ಲ. 2024ರ ಅಕ್ಟೋಬರ್ 1ರಂದು ಮುಂಬಯಿಯಲ್ಲಿ ನಟ ಗೋವಿಂದ ಅವರ ಪರವಾನಿಗೆಯ ರಿವಾಲ್ವರ್ ಕೈಜಾರಿ ಸಿಡಿದು ಕಾಲಿಗೆ ಗುಂಡು ತಗುಲಿದ ಸುದ್ದಿ ಎಲ್ಲರೂ ಓದಿದ್ದೇವೆ. ಬಿದ್ದರೂ ಕಷ್ಟ, ಹಿಡಿದರೂ ಕಷ್ಟ. ಬೀಳದಂತೆ ಇಡುವುದೊಂದೇ ದಾರಿ.

ಕೊನೆಗೆ ಹವಾಲ್ದಾರರು ನನ್ನ ಪರವಾನಿಗೆ ಪುಸ್ತಕ ತರಿಸಿ ಷರತ್ತು ಓದಿಸಿದರು. ಜಿಲ್ಲಾಧಿಕಾರಿಗಳ ವಿಶೇಷ ಅಪ್ಪಣೆ ಇಲ್ಲದೆ ಜಾತ್ರೆ, ಧಾರ್ಮಿಕ ಮೆರವಣಿಗೆ, ಜನ ಸೇರುವ ಸಭೆ, ಶಾಲೆ-ಕಾಲೇಜಿನ ಆವಾರಕ್ಕೆ ಆಯುಧ ಒಯ್ಯುವಂತಿಲ್ಲ. ನಾನು ದಿನಾ ಸುತ್ತು ಹಾಕುತ್ತಿದ್ದದ್ದು ಶಾಲೆಯ ಮೈದಾನದಲ್ಲೇ! ನಮ್ಮಂಥ ಗಡಿಯವರಿಗೆ ಇನ್ನೊಂದು ಮಾತು. ಪರವಾನಿಗೆಯಲ್ಲಿ ಯಾವ ಪ್ರದೇಶ ಬರೆದಿದೆಯೋ ಅಲ್ಲಿಗಷ್ಟೇ ಅದು ಮಾನ್ಯ. ಆಳಂದ, ಅಫಜಲಪುರ ಪೇಟೆಗೆ ಹೋಗುವಾಗ ಪುಸ್ತಕ ತೆರೆದು ನೋಡಿಕೊಳ್ಳಿ. ಗಡಿ ನಮ್ಮ ಮಾತಿಗಿಲ್ಲ, ಕಾಯಿದೆಗೆ ಇದೆ.

ಗಟ್ಟಿ ಒರೆ, ಬಿಗಿ ಪಟ್ಟಾ ಎರಡನ್ನೂ ಕೊಂಡೆ. ಪೇಟೆ ಕೆಲಸಕ್ಕೆ ಅಗತ್ಯ ಬಿದ್ದಾಗ ಕಟ್ಟಿಕೊಳ್ಳುತ್ತೇನೆ. ಮುಂಜಾನೆ ಮಾತ್ರ ರಿವಾಲ್ವರ್ ತಿಜೋರಿಯಲ್ಲಿ, ಕಾಡತೂಸು ಬೇರೆ ಕಡೆ, ಎರಡಕ್ಕೂ ಬೀಗ. ಈಗ ದೊಡ್ಡ ರೊಕ್ಕ ಬ್ಯಾಂಕಿನಲ್ಲೇ ಹೋಗುತ್ತದೆ, ನಸುಕಿನಲ್ಲಿ ನನ್ನ ಕಿಸೆಯಲ್ಲಿ ದೋಚುವಂಥದ್ದೇನಿದೆ? ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮೊಮ್ಮಗನ ಕೈ. ಅವನೀಗ ನನಗಿಂತ ಮುಂದೆ ಓಡುತ್ತಾನೆ.