ಬ್ಲಫ್‌ನ ಕರೆಂಟು, ಕಲ್ಕತ್ತೆಯ ಟ್ರಾಮು

ನಮ್ಮ ನಾಡಿನ ಕರೆಂಟಿನ ತವರು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ. ಸುತ್ತಲಿನವರ ಬಾಯಲ್ಲಿ ‘ಬ್ಲಫ್’. 1902ರ ಜೂನ್ 30ರಂದು ಅಲ್ಲಿಂದ ಹೊರಟ ವಿದ್ಯುತ್ತು ಸುಮಾರು 147 ಕಿ.ಮೀ. ಆಚೆಯ ಕೋಲಾರದ ಚಿನ್ನದ ಗಣಿ ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನೂ ಹೊತ್ತಿಸಿತು. ಆದರೆ ಟ್ರಾಮ್ ಓಡಿಸುವ ಯೋಗ ಅದಕ್ಕಿರಲಿಲ್ಲ. ಆ ಯೋಗ ಕಲ್ಕತ್ತೆಯದು. ಬ್ಲಫ್‌ನ ಕರೆಂಟು ಹರಿಯುವ ಮೂರು ತಿಂಗಳು ಮೊದಲೇ, ಮಾರ್ಚ್ 27ರಂದು, ಅಲ್ಲಿ ಎಸ್ಪ್ಲನೇಡಿನಿಂದ ಕಿದ್ದರ್‌ಪುರಕ್ಕೆ ವಿದ್ಯುತ್ ಟ್ರಾಮ್ ಹೊರಟಿತ್ತು.

ದೇಶದ ಮೊದಲ ವಿದ್ಯುತ್ ಟ್ರಾಮ್ ಮಾತ್ರ ಮದ್ರಾಸಿನದು. 1895ರಲ್ಲಿ ಬಂದು 1953ರಲ್ಲಿ ನಿಂತುಹೋಯಿತು. ಮುಂಬೈಯಲ್ಲಿ 1964ರವರೆಗೆ ಓಡಿತು. ಅಲ್ಲಿನ ಕನ್ನಡಿಗರು ದಿನವೂ ಹೇಳುವ ‘ದಾದರ್ ಟಿ.ಟಿ.’ಯ ಎರಡು ಟಿ ಎಂದರೆ ಟ್ರಾಮ್ ಟರ್ಮಿನಸ್. ಹಳಿ ಹೋದರೂ ಹೆಸರು ಉಳಿದಿದೆ.

ಈಗ ಉಳಿದಿರುವುದು ಕಲ್ಕತ್ತೆಯ ಟ್ರಾಮ್ ಮಾತ್ರ. ಹಾಗಾಗಿ ನಮ್ಮ ದೇಶದಲ್ಲೇ ಟ್ರಾಮ್ ಹತ್ತಬೇಕೆನ್ನುವವರು ಬೆಂಗಳೂರಿನಿಂದ ಹೌರಾ ರೈಲು ಹಿಡಿಯಬೇಕು. ಹೌರಾದಲ್ಲಿ ಇಳಿದರೆ, 2024ರ ಮಾರ್ಚ್‌ನಲ್ಲಿ ಶುರುವಾದ ಮೆಟ್ರೊ ಹೂಗ್ಲಿ ನದಿಯ ತಳದ ಅಡಿಯಲ್ಲೇ ಸಾಗಿ ಎಸ್ಪ್ಲನೇಡಿಗೆ ಬಿಡುತ್ತದೆ. ಟ್ರಾಮ್ ನಿಲ್ದಾಣ ಇರುವುದೂ ಅಲ್ಲೇ.

ಹೊಸಬರಿಗೆ 5ನೇ ನಂಬರಿನ ಶ್ಯಾಮ್‌ಬಜಾರ್ ಮಾರ್ಗ ಒಳ್ಳೆಯದು. ಹಳೆ ಪುಸ್ತಕದಂಗಡಿಗಳು ಸಾಲುಗಟ್ಟಿದ ಕಾಲೇಜ್ ಸ್ಟ್ರೀಟು, ಹಾತಿಬಾಗಾನಿನ ಅಂಗಡಿಬೀದಿ ಎಲ್ಲವೂ ಕಿಟಕಿಯಾಚೆಗೆ ನಿಧಾನವಾಗಿ ಸರಿಯುತ್ತವೆ. ಆಟೊ ಮುಂದೆ ನುಗ್ಗುತ್ತದೆ, ತಳ್ಳುಗಾಡಿ ಅಡ್ಡ ಬರುತ್ತದೆ. ಚಾಲಕ ನಿಂತಲ್ಲೇ ಕಾಲಲ್ಲಿ ಗಂಟೆ ಒದೆಯುತ್ತಾನೆ: ಢಣ್, ಢಣ್. ಹಳಿ ಬಿಟ್ಟು ಪಕ್ಕಕ್ಕೆ ಸರಿಯುವ ಉಪಾಯ ಅವನಿಗಿಲ್ಲ. ಚಾವಣಿಯ ಮೇಲಿನ ಕೋಲು ತಂತಿಯಿಂದ ಕರೆಂಟು ಎಳೆದುಕೊಂಡರೆ, ಅದು ಮರಳಿ ಹೋಗುವುದು ಗಾಲಿ, ಹಳಿಗಳ ಮೂಲಕ. ಸತ್ಯಜಿತ್ ರಾಯ್ ಅವರ ‘ಮಹಾನಗರ’ ಸಿನಿಮಾ ಶುರುವಾಗುವುದು ಇದೇ ಕೋಲಿನಿಂದ.

ಟಿಕೆಟಿಗೆ ಮುಂಗಡ ಬುಕಿಂಗ್ ಇಲ್ಲ. ಕಂಡಕ್ಟರು ಸೀಟಿನ ಬಳಿಗೇ ಬಂದು ತೆಳು ಕಾಗದದ ಚೀಟಿ ಹರಿದು ಕೊಡುತ್ತಾರೆ. ದರ ಹತ್ತು ರೂಪಾಯಿಯೊಳಗಿನದು, ಆದ್ದರಿಂದ ಐನೂರರ ನೋಟು ತೆಗೆಯದೆ ಚಿಲ್ಲರೆ ಇಟ್ಟುಕೊಂಡಿರಬೇಕು.

ಇಳಿಯುವಾಗ ಎಚ್ಚರ ಬೇಕು. ಎಷ್ಟೋ ಕಡೆ ಹಳಿ ರಸ್ತೆಯ ನಡುವೆಯೇ ಇದೆ. ಮೆಟ್ಟಿಲಿಳಿದವರ ಕಾಲು ಬೀಳುವುದು ಫುಟ್‌ಪಾತಿನ ಮೇಲಲ್ಲ, ವಾಹನಗಳ ಮಧ್ಯೆ. ಎಡಕ್ಕೆ, ಹಿಂದಕ್ಕೆ ಕಣ್ಣಾಡಿಸಿಯೇ ಹೆಜ್ಜೆ ಇಡಬೇಕು.

ಹೊರಡುವ ಮುನ್ನ ಯಾವ ಮಾರ್ಗ ಓಡುತ್ತಿದೆ ಎಂದು ವಿಚಾರಿಸಿಕೊಳ್ಳುವುದು ಲೇಸು. 2024ರ ಸೆಪ್ಟೆಂಬರಿನಲ್ಲಿ ಪಶ್ಚಿಮ ಬಂಗಾಳ ಸರ್ಕಾರ ಎಸ್ಪ್ಲನೇಡ್–ಮೈದಾನದ ಪಾರಂಪರಿಕ ಮಾರ್ಗವೊಂದನ್ನು ಬಿಟ್ಟು ಉಳಿದವನ್ನು ನಿಲ್ಲಿಸುವುದಾಗಿ ಹೇಳಿತು. ವಾಹನದಟ್ಟಣೆ ಅದು ಕೊಟ್ಟ ಕಾರಣ. ಟ್ರಾಮ್ ಪ್ರಿಯರು ಬೀದಿಗಿಳಿದರು. ವಿಷಯ ಹೈಕೋರ್ಟಿನಲ್ಲೂ ಇತ್ತು.

ಮಾರ್ಗ ನಿಂತಿದ್ದರೂ ಎಸ್ಪ್ಲನೇಡಿನಲ್ಲಿ ‘ಸ್ಮರಣಿಕಾ’ ಇದೆ. 1938ರ ಟ್ರಾಮನ್ನೇ ಪುಟ್ಟ ಮ್ಯೂಸಿಯಮ್ಮಾಗಿ ಮಾಡಿದ್ದಾರೆ. ಹಳೆಯ ಟಿಕೆಟು, ಕಂಡಕ್ಟರ ಟೋಪಿ, ಬಿಲ್ಲೆಗಳನ್ನು ನೋಡಿ ಅಲ್ಲೇ ಕುಳಿತು ಒಂದು ಚಹಾ ಕುಡಿಯಬಹುದು.