ಟ್ಯಾಪರ್ ಬದಲಾದರೆ ನಷ್ಟ ಎಲ್ಲಿ?

ನಮ್ಮಲ್ಲಿ 300 ರಬ್ಬರ್ ಮರ ಉಂಟು. ಒಬ್ಬ ಟ್ಯಾಪರ್‌ಗೆ ಒಂದು ಬೆಳಗಿನ ಕೆಲಸ. ಎರಡು ವರ್ಷದಲ್ಲಿ ನಾಲ್ಕು ಮಂದಿ ಬಂದು ಹೋದರು. ಒಬ್ಬ ಹೋದರೆ ಇನ್ನೊಬ್ಬ ಸಿಕ್ಕಿದನಲ್ಲ, ನಷ್ಟವೇನು ಎಂದು ಮೊದಮೊದಲು ನಾನೂ ಅಂದುಕೊಂಡದ್ದೇ. ಆಳಿಲ್ಲದ ದಿನಗಳ ಹಾಲು ಹೋಯಿತು ಎಂಬ ಲೆಕ್ಕ ಮಾತ್ರ ಕಾಣುತ್ತಿತ್ತು. ನಿಜವಾದ ಲೆಕ್ಕ ಇದ್ದದ್ದು ತೊಗಟೆಯಲ್ಲಿ.

ರಬ್ಬರ್ ಹಾಲಿನ ನಾಳಗಳು ಹೆಚ್ಚಾಗಿ ಇರುವುದು ತೊಗಟೆಯ ಒಳಪದರದಲ್ಲಿ, ಮರ ಬೆಳೆಯುವ ತೆಳು ಪೊರೆಯ ಹತ್ತಿರ. ಆ ಪೊರೆಗೆ ಸುಮಾರು 1 ಮಿಲಿಮೀಟರ್ ಬಿಟ್ಟು ಕತ್ತಿ ನಿಲ್ಲಬೇಕು. ಮೇಲೆಯೇ ನಿಂತರೆ ಹಾಲು ಕಡಿಮೆ, ಒಳಗೆ ಹೋದರೆ ಗಾಯ. ಗಾಯವಾದಲ್ಲಿ ಮತ್ತೆ ಬರುವ ತೊಗಟೆ ಗಂಟುಗಂಟು. ಅದರ ಮೇಲೆ ಕತ್ತಿ ಸಲೀಸಾಗಿ ಓಡುವುದಿಲ್ಲ. ಒಂದು ಬದಿ ಮುಗಿಸಿ, ಇನ್ನೊಂದು ಬದಿಯನ್ನೂ ಮುಗಿಸಿ ನಾವು ಮರಳುವುದು ಮೊದಲ ಬದಿಗೇ. ಹಾಗಾಗಿ ಇವತ್ತಿನ ಗಾಯ ನಮಗೆ ತೊಂದರೆ ಕೊಡುವುದು ವರ್ಷಗಟ್ಟಲೆ ಕಳೆದ ಮೇಲೆ. ಅಷ್ಟು ಹೊತ್ತಿಗೆ ಗಾಯ ಮಾಡಿದವ ಎಲ್ಲಿರುತ್ತಾನೋ!

ಇನ್ನು ತೊಗಟೆಯ ಖರ್ಚು. ಕೈ ಕುದುರಿದವ ಒಂದು ಸಲಕ್ಕೆ ಒಂದೂವರೆ ಮಿಲಿಮೀಟರಿನಷ್ಟು ಕೆತ್ತುತ್ತಾನೆ. ಹೊಸಬನದ್ದು ದಪ್ಪ. 3 ಮಿಲಿಮೀಟರ್ ಹೋಯಿತೆಂದರೆ 6 ವರ್ಷ ಬರಬೇಕಾದ ಬದಿ ಮೂರೇ ವರ್ಷಕ್ಕೆ ಖಾಲಿ. ಕೂಲಿ ಮರದ ಲೆಕ್ಕದಲ್ಲಿ ಆದ್ದರಿಂದ ಅವಸರ ಬೇರೆ. ಕಲಿತವನೇ ಬಂದರೂ ನಮ್ಮ ತೋಟ ಅವನಿಗೆ ಹೊಸತು: ಯಾವ ಮರದ ತೊಗಟೆ ತೆಳು, ಯಾವುದು ಹಾಲು ಬತ್ತಿ ವಿಶ್ರಾಂತಿಯಲ್ಲಿದೆ ಎಂಬುದು ಗೊತ್ತಿಲ್ಲ. ಮೊದಲನೆಯವ ಬಿಟ್ಟಿದ್ದ ಏಳು ಮರಗಳನ್ನು ಮೂರನೆಯವ ಪುನಃ ಕೆತ್ತಿಬಿಟ್ಟ. ತಪ್ಪು ಅವನದ್ದಲ್ಲ, ಹೇಳಬೇಕಾದವ ನಾನು. ನನಗೇ ಆ ಮರಗಳ ಗುರುತಿರಲಿಲ್ಲ. ಗೊತ್ತಿದ್ದವ ಹೊರಟುಹೋಗಿ ವರ್ಷವಾಗಿತ್ತು.

ಅವರು ಹೋದದ್ದು ಯಾಕೆ? "ಈಗಿನ ಜನ ನಿಲ್ಲುವುದಿಲ್ಲ ಮಾರಾಯ್ರೆ" ಎಂದು ಜಗಲಿಯಲ್ಲಿ ಕೂತು ಹೇಳುವುದು ಸುಲಭ. ನಾಲ್ಕನೆಯವನನ್ನು ಹೊರಟ ದಿನ ಕೇಳಿದೆ. "ಮಳೆಗಾಲ ಮೂರು ತಿಂಗಳು ಟ್ಯಾಪಿಂಗ್ ಇಲ್ಲ, ಕೂಲಿಯೂ ಇಲ್ಲ. ನಾನು ಏನು ತಿನ್ನುವುದು ಅಣ್ಣ?" ಅಂದ. ಖರ್ಚು ಜಾಸ್ತಿ ಎಂದು ನಾನು ಮರಗಳಿಗೆ ರೈನ್‌ಗಾರ್ಡ್ ಹಾಕಿಸಿರಲಿಲ್ಲ. ಅದನ್ನು ಉಳಿತಾಯವೆಂದೇ ಲೆಕ್ಕ ಹಿಡಿದಿದ್ದೆ.

ಮರುವರ್ಷ ಮೇ ತಿಂಗಳಲ್ಲಿ ಅಷ್ಟೂ ಮರಕ್ಕೆ ಹಾಕಿಸಿದೆವು. ಟ್ಯಾಪಿಂಗ್ ಆಗದ ಜಡಿಮಳೆಯ ದಿನಗಳಲ್ಲಿ ಅಡಿಕೆ ತೋಟದ ಕೆಲಸ ಕೊಡುವುದೆಂದು ಮಾತಾಯಿತು. ಮರಗಳಿಗೆ ನಂಬರ್ ಬರೆದು ಪುಸ್ತಕ ಇಟ್ಟಿದ್ದೇನೆ. ವಿಶ್ರಾಂತಿಯ ಮರಕ್ಕೆ ಕೆಂಪು ಪಟ್ಟಿ. ಈಗಿನವನ ಜೊತೆ ಮೊದಲ ವಾರ ಪೂರ್ತಿ ನಾನೇ ಸುತ್ತಿದೆ. ಅವ ಎರಡನೇ ಮಳೆಗಾಲಕ್ಕೂ ಇದ್ದಾನೆ. ಗಾಯವಾದ ಮರಗಳನ್ನು ಇಬ್ಬರೂ ಸೇರಿ ಎಣಿಸಿದೆವು: 112. ಅವುಗಳ ತೊಗಟೆ ಹೇಗೆ ಕೂಡಿ ಬರುತ್ತದೋ, ಕಾದು ನೋಡಬೇಕು.