ಕಬ್ಬು ಕಾಯಲ್ಲ, ಮೆಣಸಿನಕಾಯಿ ಕಾಯುತ್ತೆ

ಹೈಸ್ಕೂಲ್ ಭೂಗೋಳದಲ್ಲಿ ಮಕ್ಕಳು ಬೆಳೆಗಳ ಪಟ್ಟಿ ಉರು ಹೊಡೀತಾರೆ. ಯಾವ ಬೆಳೆ ಎಲ್ಲಿ, ಯಾಕೆ? ಜರ್ಮನಿಯ ಜಮೀನ್ದಾರ ಫಾನ್ ಟ್ಯೂನೆನ್ 1826ರಲ್ಲೇ ಲೆಕ್ಕ ಕೊಟ್ಟಿದ್ದ: ಮಾರಿದ ಬೆಲೆಯಲ್ಲಿ ಬೆಳೆಯೋ ಖರ್ಚು, ಸಾಗಿಸೋ ಖರ್ಚು ಕಳೆದರೆ ಉಳಿಯೋದೇ ಆ ಜಾಗದ ಲಾಭ. ಹಾಗಾಗಿ ಬೇಗ ಕೆಡುವ ಹಾಲು, ತರಕಾರಿ ಪೇಟೆಯ ಪಕ್ಕ; ಧಾನ್ಯ ದೂರ.

ಪುಣೆಯಿಂದ ಊರಿಗೆ ಹೋಗುವಾಗ ನಾನು ಇದನ್ನ ಮಕ್ಕಳಿಗೆ ಕಾರಿನ ಕಿಟಕಿಯಲ್ಲೇ ತೋರಿಸ್ತೀನಿ. ಕೊಲ್ಹಾಪುರ, ಬೆಳಗಾವಿ ಕಡೆ ಕಬ್ಬು. ಕಡಿದಿಟ್ಟರೆ ತೂಕ, ಸಕ್ಕರೆ ಎರಡೂ ಇಳಿಯುತ್ತೆ. ಅದಕ್ಕೇ ಹೊಲ ಕಾರ್ಖಾನೆಯ ಹತ್ತಿರವೇ ಇರಬೇಕು. ಮುಂದೆ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ: ಒಣಗಿದ್ದು, ಹಗುರ, ಎಷ್ಟು ದೂರ ಬೇಕಾದ್ರೂ ಹೋಗುತ್ತೆ.

ಈಗ ಮಕ್ಕಳನ್ನ ಕೇಳಿ: ಬೆಲೆ ಕುಸಿದರೆ ಯಾರು ಕಾಯಬಹುದು? ಮೆಣಸಿನಕಾಯಿ ರೈತ ಕೋಲ್ಡ್ ಸ್ಟೋರೇಜ್‌ನಲ್ಲಿ ಇಡಬಹುದು. ಕಬ್ಬಿನ ರೈತ ಕಾರ್ಖಾನೆ ಹೇಳಿದ ದಿನವೇ ಕಡೀಬೇಕು. ಬಾಕಿ ಬಿಲ್ಲಿಗಾಗಿ ಅವರು ರಸ್ತೆಗಿಳಿಯೋದು ಯಾಕೆ ಅನ್ನೋದು ಆಗ ಅರ್ಥವಾಗುತ್ತೆ.